ಸೇತುವೆ ಬೀಳುವ ಮುನ್ನ: ಹೆಮಿಂಗ್ವೇಯ ಗೆರಿಲ್ಲಾ ಕಾದಂಬರಿಯ ಅರ್ಧ ಓದಿಗೆ ಬಂದ ಪ್ರಶ್ನೆಗಳು

ಧಾರವಾಡದಲ್ಲಿ ನಾವು ಕೆಲವರು ಸೇರಿ ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇಯ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಕಾದಂಬರಿಯನ್ನು ವಾರಕ್ಕೆ ಎರಡು ಮೂರು ಅಧ್ಯಾಯಗಳಂತೆ ಓದುತ್ತಿದ್ದೇವೆ. ಒಟ್ಟು 43 ಅಧ್ಯಾಯಗಳಲ್ಲಿ 20 ಮುಗಿದಿವೆ. ಕೂಟದಲ್ಲಿ, ಆಮೇಲಿನ ಚಹಾದ ಹೊತ್ತಿನಲ್ಲಿ, ಹುಬ್ಬಳ್ಳಿ, ಗದಗ, ಹಾವೇರಿಗಳಿಂದ ಬರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು ಉತ್ತರಿಸಿದ್ದೇನೆ.

## ಓದು ಶುರು ಮಾಡುವವರಿಗೆ

ಪುಸ್ತಕ ಪೂರ್ತಿ ಓದಿ ಮುಗಿಸದ ಅದರ ಬಗ್ಗೆ ಬರಿಯೂದು ಎಷ್ಟು ಸರಿ?

ವಿಮರ್ಶೆ ಬರೆಯುವುದಾದರೆ ಸರಿಯಲ್ಲ. ಇಲ್ಲಿರುವುದು ಮೊದಲ ಓದಿನ ಅನಿಸಿಕೆ. ಕಾದಂಬರಿ ಮುಗಿದ ಮೇಲೆ ಅದರ ಕೊನೆ ನಮ್ಮ ಎಲ್ಲ ನೆನಪುಗಳ ಮೇಲೆ ಕುಳಿತುಬಿಡುತ್ತದೆ. ಯಾವ ಪಾತ್ರವನ್ನು ಮೊದಲು ನಂಬಿದ್ದೆವು, ಯಾರ ಮೇಲೆ ಅನುಮಾನಪಟ್ಟಿದ್ದೆವು ಎಂಬುದು ಮರೆತುಹೋಗುತ್ತದೆ. ಈ ಕಾದಂಬರಿಯ ಪಾತ್ರಗಳಿಗೂ ಮುಂದಿನ ದಿನ ಏನಾಗುವುದೆಂದು ಗೊತ್ತಿಲ್ಲ. ಅವರಷ್ಟೇ ತಿಳಿದಿರುವ ಸ್ಥಿತಿಯಲ್ಲಿ ಒಮ್ಮೆ ನಿಂತು ನೋಡಬೇಕೆಂಬುದು ನನ್ನ ಆಸೆ. ಇಪ್ಪತ್ತನೆಯ ಅಧ್ಯಾಯದ ಆಚೆಗಿನ ಸಂಗತಿಗಳನ್ನು ಇಲ್ಲಿ ಎಲ್ಲಿಯೂ ಹೇಳಿಲ್ಲ.

ಕಥಿ ಏನು ಅಂತ ನಾಕು ಮಾತಿನ್ಯಾಗ ಹೇಳ್ರಿ.

1937ರ ಮೇ ತಿಂಗಳ ಕೊನೆ. ಸ್ಪೇನಿನ ಅಂತರ್ಯುದ್ಧ ನಡೆಯುತ್ತಿದೆ. ಅಮೆರಿಕದ ಮೊಂಟಾನಾದಲ್ಲಿ ಸ್ಪ್ಯಾನಿಷ್ ಭಾಷೆ ಕಲಿಸುತ್ತಿದ್ದ ರಾಬರ್ಟ್ ಜೋರ್ಡನ್ ಎಂಬ ಯುವಕ ಗಣರಾಜ್ಯದ ಪರವಾಗಿ ಹೋರಾಡಲು ಬಂದು, ಸ್ಫೋಟಕಗಳನ್ನು ಬಳಸುವುದರಲ್ಲಿ ಪಳಗಿದ್ದಾನೆ. ಶತ್ರುವಿನ ವಶದಲ್ಲಿರುವ ಗ್ವಾದರ್ರಾಮಾ ಬೆಟ್ಟಸಾಲಿನೊಳಗೆ ನುಸುಳಿ, ಅಲ್ಲಿಯ ಗುಹೆಯೊಂದರಲ್ಲಿ ಅಡಗಿರುವ ಸಣ್ಣ ಗೆರಿಲ್ಲಾ ಗುಂಪಿನ ನೆರವಿನಿಂದ, ಆಳವಾದ ಕಮರಿಯ ಮೇಲಿರುವ ಉಕ್ಕಿನ ಸೇತುವೆಯನ್ನು ಉರುಳಿಸಬೇಕೆಂಬುದು ಅವನಿಗೆ ಬಂದಿರುವ ಆಜ್ಞೆ. ಸೇತುವೆಯನ್ನು ಉರುಳಿಸುವುದಷ್ಟೇ ಆಗಿದ್ದರೆ ಯಾವ ರಾತ್ರಿಯಾದರೂ ಮಾಡಿ ಮುಗಿಸಬಹುದಿತ್ತು. ಗಣರಾಜ್ಯದ ಸೇನೆ ದಾಳಿ ಆರಂಭಿಸಿದ ಮೇಲೆಯೇ ಅದು ಬೀಳಬೇಕು, ಶತ್ರುವಿಗೆ ಕುಮ್ಮಕ್ಕು ಬರುವ ಮುನ್ನ ಬೀಳಬೇಕು. ಮೊದಲೇ ಉರುಳಿಸಿದರೆ ದಾಳಿಯ ಗುಟ್ಟು ರಟ್ಟಾಗುತ್ತದೆ, ತಡವಾದರೆ ಉರುಳಿಸಿಯೂ ಪ್ರಯೋಜನವಿಲ್ಲ. ಸುಮಾರು ಮೂರು ಹಗಲು ಮೂರು ರಾತ್ರಿಗಳ ಅವಧಿಯಲ್ಲಿ ಇಡೀ ಕಾದಂಬರಿ ನಡೆಯುತ್ತದೆ.

‘ಗೊರಿಲ್ಲಾ ಯುದ್ಧ’ ಅಂತನ ಓದಿಕೊಂಡ ಬಂದೀವಿ. ಯಾವುದು ಸರಿ?

‘ಗೆರಿಲ್ಲಾ’ ಸರಿ. ಗೊರಿಲ್ಲಾ ಎಂಬುದು ಆಫ್ರಿಕದ ವಾನರ. ಕನ್ನಡದ ಪತ್ರಿಕೆಗಳಲ್ಲಿ ಎರಡೂ ಬೆರೆತುಹೋಗಿವೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ಗೆರ್ರಾ’ ಎಂದರೆ ಯುದ್ಧ, ‘ಗೆರಿಲ್ಲಾ’ ಎಂದರೆ ಪುಟ್ಟ ಯುದ್ಧ. 1808ರಿಂದ 1814ರವರೆಗೆ ನೆಪೋಲಿಯನ್ನನ ಸೇನೆಯ ವಿರುದ್ಧ ಸ್ಪೇನಿನ ಹಳ್ಳಿಗರು ನಡೆಸಿದ ಹೋರಾಟದಿಂದ ಈ ಪದ ಜಗತ್ತಿನ ಬೇರೆ ಭಾಷೆಗಳಿಗೆ ಹೋಯಿತು. ಹಾಗಾಗಿ ಪದ ಹುಟ್ಟಿದ ನೆಲದಲ್ಲಿಯೇ ಈ ಕಾದಂಬರಿಯೂ ನಡೆಯುತ್ತಿದೆ. ನಮ್ಮ ಕಡೆಗೆ ಮರಾಠಿಯಿಂದ ಬಂದ ‘ಗನಿಮಿ ಕಾವಾ’ ಎಂಬ ಮಾತನ್ನು ಹಿರಿಯರು ಬಳಸುವುದುಂಟು.

ಹೆಸರಿನ್ಯಾಗ ಗಂಟಿ ಅದ, ಕಥಿಯೊಳಗ ಗಂಟಿ ಎಲ್ಲಿ ಅದ?

ಆ ಗಂಟೆ ಬಂದಿರುವುದು ಇಂಗ್ಲಿಷ್ ಕವಿ ಜಾನ್ ಡನ್ 1624ರಲ್ಲಿ ಪ್ರಕಟಿಸಿದ ಗದ್ಯ ಧ್ಯಾನವೊಂದರಿಂದ. ಆ ಸಾಲುಗಳನ್ನು ಕಾದಂಬರಿಯ ಮೊದಲಿಗೇ ಇಡಲಾಗಿದೆ. ಊರಿನಲ್ಲಿ ಯಾರಾದರೂ ಸತ್ತರೆ ಇಗರ್ಜಿಯ ಗಂಟೆ ಬಾರಿಸುತ್ತಾರೆ. ಯಾವ ಮನುಷ್ಯನೂ ಒಂಟಿ ದ್ವೀಪವಲ್ಲ, ಪ್ರತಿಯೊಬ್ಬನ ಸಾವಿನಲ್ಲಿ ನನ್ನದೂ ಒಂದು ಪಾಲು ಹೋಗುತ್ತದೆ, ಆದ್ದರಿಂದ ಗಂಟೆ ಯಾರಿಗಾಗಿ ಎಂದು ಕೇಳಲು ಆಳು ಕಳಿಸಬೇಡ ಎಂಬುದು ಡನ್ನನ ಮಾತಿನ ಸಾರ. ನಮ್ಮ ಹಳ್ಳಿಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಲಗೆಯ ಸದ್ದು ಕೇಳಿದರೆ ಒಲೆಯ ಮುಂದೆ ಕೂತವರು ‘ಯಾರು ಹ್ವಾದ್ರೋ’ ಎಂದು ಎದ್ದು ಬಾಗಿಲಿಗೆ ಬರುತ್ತಾರೆ. ಆ ಅನುಭವ ಇರುವವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

## ಚರಿತ್ರೆಯ ಬಗ್ಗೆ

ಯಾರು ಯಾರ ಜೋಡಿ ಹೊಡದಾಡಾಕತ್ತಾರ ಅನ್ನೂದ ತಿಳಿಯವಲ್ದು.

1936ರ ಜುಲೈನಲ್ಲಿ ಸ್ಪೇನಿನ ಚುನಾಯಿತ ಗಣರಾಜ್ಯ ಸರಕಾರದ ವಿರುದ್ಧ ಸೇನೆಯ ಒಂದು ಭಾಗ ದಂಗೆಯೆದ್ದಿತು. ಅದರ ನಾಯಕತ್ವ ಕ್ರಮೇಣ ಜನರಲ್ ಫ್ರಾಂಕೋನ ಕೈಗೆ ಬಂತು. ಹಿಟ್ಲರನ ಜರ್ಮನಿ ಮತ್ತು ಮುಸೊಲಿನಿಯ ಇಟಲಿ ಫ್ರಾಂಕೋನಿಗೆ ವಿಮಾನ, ಸೈನಿಕರನ್ನು ಕೊಟ್ಟವು. ಗಣರಾಜ್ಯಕ್ಕೆ ಸೋವಿಯತ್ ಒಕ್ಕೂಟ ನೆರವಾಯಿತು, ಹತ್ತಾರು ದೇಶಗಳಿಂದ ಸ್ವಯಂಸೇವಕರು ಬಂದು ಅಂತರರಾಷ್ಟ್ರೀಯ ಪಡೆಗಳನ್ನು ಸೇರಿದರು. ಯುದ್ಧ 1939ರ ಏಪ್ರಿಲ್ 1ರಂದು ಫ್ರಾಂಕೋನ ಗೆಲುವಿನೊಂದಿಗೆ ಮುಗಿಯಿತು. ಭಾರತಕ್ಕೂ ಇದು ದೂರದ ಸುದ್ದಿಯಾಗಿರಲಿಲ್ಲ. ಜವಾಹರಲಾಲ್ ನೆಹರೂ 1938ರಲ್ಲಿ ಬಾರ್ಸಿಲೋನಾಕ್ಕೆ ಹೋಗಿ, ಬಾಂಬು ಬೀಳುತ್ತಿದ್ದ ಆ ನಗರವನ್ನು ಕಣ್ಣಾರೆ ನೋಡಿ ಬಂದರು. ಕಾದಂಬರಿಯ ಎಂಟನೆಯ ಅಧ್ಯಾಯದಲ್ಲಿ ಬೆಟ್ಟದ ಮೇಲೆ ಸಾಲು ಸಾಲಾಗಿ ಹಾರಿಹೋಗುವ ವಿಮಾನಗಳನ್ನು ಗುಹೆಯ ಬಾಯಲ್ಲಿ ನಿಂತವರು ತಲೆಯೆತ್ತಿ ನೋಡುವ ದೃಶ್ಯವಿದೆ. ಆ ವಿಮಾನಗಳು ಯಾರ ದೇಶದವು ಎಂಬುದು ತಿಳಿದಿದ್ದರೆ ಸಾಕು, ಅವರ ಮೌನ ಅರ್ಥವಾಗುತ್ತದೆ.

ಇದು ಖರೇ ನಡದದ್ದೋ, ಬರೇ ಕಲ್ಪನಾನೋ?

ಜೋರ್ಡನ್, ಗೆರಿಲ್ಲಾ ಗುಂಪಿನ ನಾಯಕ ಪಾಬ್ಲೋ, ಅವನ ಹೆಂಡತಿ ಪಿಲಾರ್ ಕಲ್ಪಿತರು. ಹಿನ್ನೆಲೆಯ ದಾಳಿ ಕಲ್ಪಿತವಲ್ಲ. 1937ರ ಮೇ ತಿಂಗಳ ಕೊನೆಯಲ್ಲಿ ಗಣರಾಜ್ಯದ ಸೇನೆ ಗ್ವಾದರ್ರಾಮಾ ದಾಟಿ ಸೆಗೋವಿಯಾ ನಗರದ ಕಡೆಗೆ ನಿಜವಾಗಿಯೂ ದಾಳಿ ನಡೆಸಿತು. ಅದರ ಫಲವೇನೆಂಬುದು ಚರಿತ್ರೆಯ ಪುಸ್ತಕಗಳಲ್ಲಿದೆ. ನಮ್ಮ ಜೊತೆ ಓದುತ್ತಿರುವವರು ಈಗಲೇ ಹುಡುಕಬಾರದೆಂದು ಕೇಳಿಕೊಳ್ಳುತ್ತೇನೆ. ಹೆಮಿಂಗ್ವೇ 1937ರಿಂದ ಪತ್ರಿಕಾ ವರದಿಗಾರನಾಗಿ ಸ್ಪೇನಿನಲ್ಲಿದ್ದು ಯುದ್ಧವನ್ನು ಹತ್ತಿರದಿಂದ ನೋಡಿದ್ದವನು. ಬರವಣಿಗೆ ಆರಂಭಿಸಿದ್ದು 1939ರಲ್ಲಿ ಕ್ಯೂಬಾದಲ್ಲಿ, ಪುಸ್ತಕ ಬಂದದ್ದು 1940ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಸ್ಪೇನ್ ಸೋತು ಒಂದೂವರೆ ವರ್ಷವಾಗಿತ್ತು, ಪ್ಯಾರಿಸ್ ಕೂಡ ಹಿಟ್ಲರನ ಕೈಸೇರಿತ್ತು. ಒಂದು ಯುದ್ಧ ಸೋತ ಮೇಲೆ, ಇನ್ನೊಂದು ನಡೆಯುತ್ತಿರುವಾಗ, ಈ ಪುಸ್ತಕ ಓದುಗರ ಕೈಗೆ ಬಂತು.

## ಓದುತ್ತಿರುವವರಿಗೆ

ಇಂಗ್ಲಿಷ್ ಭಾಳ ವಿಚಿತ್ರ ಅದ. ಹಳೇ ಬೈಬಲ್ ಹಂಗ ಯಾಕ ಮಾತಾಡ್ತಾರ?

ಪಾತ್ರಗಳು ಆಡುತ್ತಿರುವುದು ಸ್ಪ್ಯಾನಿಷ್. ಆ ಭಾಷೆಯಲ್ಲಿ ಕನ್ನಡದ ಹಾಗೆಯೇ ‘ನೀನು’ ಬೇರೆ, ‘ನೀವು’ ಬೇರೆ. ಇಂದಿನ ಇಂಗ್ಲಿಷಿನಲ್ಲಿ ಈ ಭೇದ ಉಳಿದಿಲ್ಲ. ಅದನ್ನು ತೋರಿಸಲು ಹೆಮಿಂಗ್ವೇ ‘ದೌ’, ‘ದೀ’ ಎಂಬ ಹಳೆಯ ಸರ್ವನಾಮಗಳನ್ನು ಎತ್ತಿಕೊಂಡು ಬಂದ. ಇಂಗ್ಲಿಷ್ ಓದುಗರಿಗೆ ಅದು ನಾಟಕದ ಮಾತಿನಂತೆ ಕೇಳಿಸಬಹುದು. ನಮಗೆ ಆ ತೊಂದರೆ ಇರಬೇಕಾಗಿಲ್ಲ. ‘ದೌ’ ಬಂದಲ್ಲೆಲ್ಲ ‘ನೀ’ ಎಂದು ಮನಸ್ಸಿನಲ್ಲಿಯೇ ಬದಲಿಸಿಕೊಂಡು ಓದಿ ನೋಡಿರಿ. ಯಾರು ಯಾರಿಗೆ ಎಷ್ಟು ಹತ್ತಿರ, ಯಾವ ಮಾತಿನಲ್ಲಿ ಮರ್ಯಾದೆ ಕಳಚಿ ಬಿತ್ತು ಎಂಬುದು ಕನ್ನಡದ ಕಿವಿಗೆ ಕೂಡಲೇ ತಿಳಿಯುತ್ತದೆ. ಮನೆಯಲ್ಲಿ ‘ರೀ’ ಹಚ್ಚಿ ಮಾತಾಡಿಸುವವರನ್ನು ಸಿಟ್ಟು ಬಂದಾಗ ಏಕವಚನದಲ್ಲಿ ಕರೆದುಬಿಟ್ಟರೆ ಏನಾಗುತ್ತದೆಂದು ಧಾರವಾಡದವರಿಗೆ ಗೊತ್ತು. ಪಾಬ್ಲೋ ಮತ್ತು ಜೋರ್ಡನ್ನರ ನಡುವಿನ ಹಲವು ಜಗಳಗಳು ಈ ಸರ್ವನಾಮಗಳಲ್ಲಿಯೇ ನಡೆಯುತ್ತವೆ.

ಬೈಗುಳಗಳ ಜಾಗದಲ್ಲಿ ‘ಅಶ್ಲೀಲ’, ‘ಅಚ್ಚು ಹಾಕಲಾಗದ್ದು’ ಎಂಬ ಅರ್ಥದ ಪದಗಳನ್ನೇ ಇಟ್ಟಿರುವುದು ಮೊದಮೊದಲು ಎಡವಿಸುತ್ತದೆ. ಗುಂಪಿನ ಅಗುಸ್ತೀನ್ ಎಂಬವನ ಮಾತುಗಳನ್ನು ಒಂದೆರಡು ಪುಟ ಗಟ್ಟಿಯಾಗಿ ಓದಿದರೆ ಅದೂ ರೂಢಿಯಾಗುತ್ತದೆ.

ಮೊದಲಿನ ನೂರು ಪುಟದಾಗ ಏನೂ ನಡಿಯೂದ ಇಲ್ಲಲ್ಲ?

ಗುಂಡು ಹಾರುವುದಿಲ್ಲ, ನಿಜ. ಊಟ ಮಾಡುತ್ತಾರೆ, ವೈನ್ ಕುಡಿಯುತ್ತಾರೆ, ಕುದುರೆಗಳ ಕಾಲು ಪರೀಕ್ಷಿಸುತ್ತಾರೆ, ಕಾವಲುಗಾರರು ಬದಲಾಗುವ ಹೊತ್ತನ್ನು ಗುರುತು ಹಾಕಿಕೊಳ್ಳುತ್ತಾರೆ. ಆದರೆ ಮೊದಲ ಅಧ್ಯಾಯದಲ್ಲಿಯೇ ಒಂದು ಗಡುವನ್ನು ಇಟ್ಟಿರುವುದರಿಂದ ಈ ಸಣ್ಣ ಕೆಲಸಗಳೆಲ್ಲ ಬಿಗಿಯಾಗುತ್ತವೆ. ಇದೇ ಗೆರಿಲ್ಲಾ ಹೋರಾಟದ ನಿಜವಾದ ದಿನಚರಿ ಎಂದು ನನಗೆ ಅನ್ನಿಸಿತು: ಹೊಡೆತ ಕೆಲವು ನಿಮಿಷ, ಕಾಯುವುದು ತಿಂಗಳುಗಟ್ಟಲೆ.

ನನಗೆ ಬಹಳ ಹಿಡಿಸಿದ್ದು ಅನ್ಸೆಲ್ಮೋ ಎಂಬ 68 ವರ್ಷದ ಮುದುಕನ ಕಾವಲು. ರಸ್ತೆಯ ಮೇಲೆ ಹೋಗುವ ವಾಹನಗಳನ್ನು ಎಣಿಸಬೇಕು, ಆದರೆ ಅವನಿಗೆ ಬರೆಯಲು ಬಾರದು. ಜೋರ್ಡನ್ ಕಾಗದ ಕೊಟ್ಟು, ಒಂದೊಂದು ಬಗೆಯ ವಾಹನಕ್ಕೆ ಒಂದೊಂದು ಚಿತ್ರ ಬರೆದು, ಮುಂದೆ ಗೀಟು ಎಳೆಯಲು ಹೇಳುತ್ತಾನೆ. ನಮ್ಮ ಮನೆಯ ಗೋಡೆಯ ಮೇಲೆ ಹಾಲಿನ ಲೆಕ್ಕಕ್ಕೆ ಇದ್ದಿಲಿನಿಂದ ಎಳೆದ ಗೀಟುಗಳು ನೆನಪಾದವು. ಹದಿನಾಲ್ಕನೆಯ ಅಧ್ಯಾಯದಲ್ಲಿ ಹಿಮ ಬೀಳತೊಡಗುತ್ತದೆ. ಬಾ ಎನ್ನುವವರೆಗೆ ಅಲ್ಲಿಯೇ ಇರು ಎಂದಿದ್ದಾರೆ, ಕರೆಯಲು ಯಾರೂ ಬಂದಿಲ್ಲ, ಆದ್ದರಿಂದ ಅವನು ಚಳಿಯಲ್ಲಿ ಕೂತೇ ಇದ್ದಾನೆ. ಜೋರ್ಡನ್ ಬಂದು ಅವನನ್ನು ಕಂಡಾಗ ಆಗುವ ಸಂತೋಷವನ್ನು ಓದಿ ನಮ್ಮ ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಪಾಬ್ಲೋ ಹೇಡಿ ಅಂತ ಎಲ್ಲಾರೂ ಅಂತಾರ. ನಿಮಗ ಏನ ಅನಸ್ತದ?

ನನಗೆ ಹಾಗೆ ಅನ್ನಿಸುತ್ತಿಲ್ಲ. ಅವನು ಕುಡಿಯುತ್ತಾನೆ, ಕ್ರೂರಿ, ಕುದುರೆಗಳನ್ನು ಮನುಷ್ಯರಿಗಿಂತ ಹೆಚ್ಚು ಪ್ರೀತಿಸುತ್ತಾನೆ, ಇವೆಲ್ಲ ಸರಿ. ಆದರೆ ಅವನ ಮೊದಲ ಆಕ್ಷೇಪಣೆಯನ್ನು ಇನ್ನೊಮ್ಮೆ ಓದಿರಿ. ನರಿ ತನ್ನ ಬಿಲದ ಹತ್ತಿರ ಬೇಟೆಯಾಡುವುದಿಲ್ಲ, ಒಂದು ಕಡೆ ಬದುಕಿ ಇನ್ನೊಂದು ಕಡೆ ಕೆಲಸ ಮಾಡಬೇಕು, ಇಲ್ಲಿಯ ಸೇತುವೆಯನ್ನು ಮುಟ್ಟಿದರೆ ಈ ಬೆಟ್ಟದಲ್ಲಿ ನಮ್ಮನ್ನು ಹುಡುಕಿ ಕೊಲ್ಲುತ್ತಾರೆ ಎನ್ನುತ್ತಾನೆ. ಜೋರ್ಡನ್ ಹೊರಗಿನಿಂದ ಬಂದವನು. ಅವನ ಮುಂದಿರುವುದು ಆಜ್ಞೆ ಮತ್ತು ನಕ್ಷೆ. ಪಾಬ್ಲೋನ ಮುಂದಿರುವುದು ಒಂದು ಗುಹೆ, ಐದು ಕುದುರೆ ಮತ್ತು ಇವನ್ನು ಬಿಟ್ಟರೆ ಬೇರೆ ಆಸರೆಯಿಲ್ಲದ ಕೆಲವು ಜನ. ಸೇತುವೆ ಬಿದ್ದ ಮರುದಿನ ಈ ಜನ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಜೋರ್ಡನ್ನನ ಹತ್ತಿರ ಇಪ್ಪತ್ತು ಅಧ್ಯಾಯಗಳಾದರೂ ಗಟ್ಟಿಯಾದ ಉತ್ತರವಿಲ್ಲ. ಅದು ಅವನಿಗೂ ಗೊತ್ತಿದೆ, ಅದಕ್ಕಾಗಿಯೇ ರಾತ್ರಿ ಅವನಿಗೆ ನಿದ್ರೆ ಹತ್ತುವುದಿಲ್ಲ.

ಗುಂಪು ಪಾಬ್ಲೋನನ್ನು ಬಿಟ್ಟು ಅವನ ಹೆಂಡತಿ ಪಿಲಾರಳ ಮಾತಿಗೆ ನಿಲ್ಲುವ ನಾಲ್ಕನೆಯ ಅಧ್ಯಾಯ ಈ ಭಾಗದ ತಿರುವು. ಪಿಲಾರ್ ಸೇತುವೆಯ ಪರ ಮಾತನಾಡಿ ಗೆಲ್ಲುತ್ತಾಳೆ. ಆದರೆ ಅವಳು ಎರಡನೆಯ ಅಧ್ಯಾಯದಲ್ಲಿಯೇ ಜೋರ್ಡನ್ನನ ಅಂಗೈ ನೋಡಿ, ಕಂಡದ್ದನ್ನು ಹೇಳದೆ ಬಿಟ್ಟಿದ್ದಾಳೆ. ಹಾಗಾಗಿ ಅವಳ ಧೈರ್ಯ ತಿಳಿದೂ ತಿಳಿದೂ ತಂದುಕೊಂಡ ಧೈರ್ಯ.

ಮಾರಿಯಾನ ಪಾತ್ರ ಯಾಕೋ ಪೊಳ್ಳು ಅನಸ್ತದ. ನಾ ತಪ್ಪು ಓದಾಕತ್ತೇನೇನು?

ನೀವು ತಪ್ಪು ಓದಿಲ್ಲ. ತಂದೆತಾಯಿಯರನ್ನು ಕಳೆದುಕೊಂಡು, ಸೆರೆಯಲ್ಲಿ ತಲೆ ಬೋಳಿಸಿಕೊಂಡು, ಈ ಗುಂಪಿನವರು ರೈಲೊಂದನ್ನು ಸ್ಫೋಟಿಸಿದ ದಿನ ಅವರ ಕೈಗೆ ಸಿಕ್ಕಿ ಬದುಕಿದ ಹುಡುಗಿ ಅವಳು. ಅಷ್ಟು ದೊಡ್ಡ ನೋವಿನವಳಿಗೆ ಲೇಖಕ ಕೊಟ್ಟಿರುವ ಮಾತುಗಳಲ್ಲಿ ಹೆಚ್ಚಿನವು ಜೋರ್ಡನ್ನನ್ನು ಮೆಚ್ಚಿಸುವ ಮಾತುಗಳು. ಪಿಲಾರ್ ಬಾಯಿ ತೆರೆದರೆ ಒಂದು ಊರೇ ಎದ್ದು ಬರುತ್ತದೆ. ಮಾರಿಯಾ ಇನ್ನೂ ಅವನ ಕಣ್ಣಿನಲ್ಲಿಯೇ ಇದ್ದಾಳೆ. ಮುಂದೆ ಅವಳ ಕಥೆಯನ್ನು ಅವಳೇ ಹೇಳುವ ಅವಕಾಶ ಬರಲೆಂದು ಕಾಯುತ್ತಿದ್ದೇನೆ.

ಹತ್ತನೇ ಅಧ್ಯಾಯ ಓದಾಕ ಆಗಲಿಲ್ಲ. ಬಿಟ್ಟು ಮುಂದ ಹೋಗಬಹುದೇನ್ರಿ?

ದಯವಿಟ್ಟು ಬಿಡಬೇಡಿ. ಒಂದು ವಾರ ಕಳೆದು ಮತ್ತೆ ಹಿಡಿಯಿರಿ, ಬೇಕಾದರೆ ಜೊತೆಗೆ ಯಾರನ್ನಾದರೂ ಕೂರಿಸಿಕೊಂಡು ಓದಿರಿ. ಯುದ್ಧ ಆರಂಭವಾದ ದಿನಗಳಲ್ಲಿ ಪಾಬ್ಲೋನ ಊರಿನ ಗಣರಾಜ್ಯದವರು ತಮ್ಮೂರಿನಲ್ಲಿ ದಂಗೆಯ ಪರ ಇದ್ದ ಫ್ಯಾಸಿಸ್ಟರನ್ನು ಕೊಂದ ಬಗೆಯನ್ನು ಪಿಲಾರ್ ಇಲ್ಲಿ ಹೇಳುತ್ತಾಳೆ. ರೈತರು ಎರಡು ಸಾಲಾಗಿ ನಿಂತು, ತೆನೆ ಬಡಿಯುವ ಬಡಿಗೆಗಳಿಂದ ಒಬ್ಬೊಬ್ಬರನ್ನೇ ಹೊಡೆದು ನದಿಯ ಕಡೆಯ ಕಡಿದಾದ ಅಂಚಿನಿಂದ ಕೆಳಗೆ ತಳ್ಳುತ್ತಾರೆ. ಮೊದಲಿಗೆ ಅವರಲ್ಲಿ ನಾಚಿಕೆಯಿದೆ, ಹಿಂಜರಿಕೆಯಿದೆ. ಕುಡುಕರು ಮುಂದೆ ಬಂದಂತೆ ಅದು ಹೋಗುತ್ತದೆ. ಸಾಯುವವರು ಅಪರಿಚಿತರಲ್ಲ, ಅಂಗಡಿಯವರು, ಹೊಲದವರು, ನಿತ್ಯ ನಮಸ್ಕಾರ ಮಾಡಿದವರು.

ಇದನ್ನು ಹೇಳುವವಳು ಆ ಪಕ್ಷದವಳೇ ಎಂಬುದನ್ನು ಗಮನಿಸಬೇಕು. ತಾನು ಬೆಂಬಲಿಸಿದ ಪಕ್ಷದ ಕೈಯಲ್ಲಿರುವ ರಕ್ತವನ್ನು ಲೇಖಕ ಕಾದಂಬರಿಯ ಕಾಲುಭಾಗದಲ್ಲಿಯೇ ತಂದಿಟ್ಟಿದ್ದಾನೆ. ಮುಂದೆ ನಾವು ಈ ಗುಂಪಿನ ಪರವಾಗಿ ಮಿಡಿಯುವಾಗಲೆಲ್ಲ ಈ ಅಧ್ಯಾಯ ಹಿಂದೆ ನಿಂತಿರುತ್ತದೆ. ನಾನು ಕಣ ನೋಡಿ ಬೆಳೆದವನು. ರಾಶಿಯ ದಿನ ಜೋಳದ ತೆನೆಯ ಮೇಲೆ ಬೀಳುವ ಬಡಿಗೆಯ ಸದ್ದು ನನಗೆ ಹಬ್ಬದ ಸದ್ದಾಗಿತ್ತು. ಆ ಅಧ್ಯಾಯ ಓದಿದ ರಾತ್ರಿ ಅದು ಹಾಗೆ ಉಳಿಯಲಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹಾವೇರಿಯವರಾಗಿ ಇದನ್ನ ಓದೂವಾಗ ಮೈಲಾರ ಮಹಾದೇವಪ್ಪನವರು ನೆನಪಾಗೂದಿಲ್ಲೇನು?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬಾರಿ ಬಂದಿದೆ. ನೆನಪಾಗದೆ ಹೇಗಿರುತ್ತಾರೆ? ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಅವರು ಸಾಬರಮತಿ ಆಶ್ರಮ ಸೇರಿ, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಯವರೆಗೆ ನಡೆದರು. 1942ರ ಚಳವಳಿಯಲ್ಲಿ ಭೂಗತರಾಗಿ ಗೆರಿಲ್ಲಾ ಮಾದರಿಯಲ್ಲಿ ಬ್ರಿಟಿಷ್ ಆಡಳಿತವನ್ನು ಕಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಅವರೂ, ಜೊತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಬಲಿಯಾದರು. ಸ್ಪೇನಿನ ಯುದ್ಧ ಮುಗಿದು ಅಂದಿಗೆ ಸರಿಯಾಗಿ ನಾಲ್ಕು ವರ್ಷ.

ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಅಲ್ಲಿ ಒಂದೇ ದೇಶದವರ ನಡುವೆ ಟ್ಯಾಂಕು, ವಿಮಾನಗಳ ಯುದ್ಧ. ಇಲ್ಲಿ ಪರಕೀಯರ ಆಡಳಿತದ ವಿರುದ್ಧ ಗಾಂಧೀಜಿಯ ಹತ್ತಿರ ಪಳಗಿದ ಮನುಷ್ಯನೊಬ್ಬನ ಹೋರಾಟ. ಕಂದಾಯ, ಅಂಚೆ, ರೈಲುಗಳನ್ನು ತಡೆದು ಸರಕಾರ ನಡೆಯದಂತೆ ಮಾಡುವುದು 1942ರ ಭೂಗತ ಗುಂಪುಗಳ ದಾರಿಯಾಗಿತ್ತು. ಹಾವೇರಿಯ ರೈಲು ನಿಲ್ದಾಣಕ್ಕೆ ಇಂದು ಮಹಾದೇವಪ್ಪನವರ ಹೆಸರೇ ಇದೆ.

ಆದರೂ ಒಂದು ಕಡೆ ಎರಡೂ ಕೂಡುತ್ತವೆ. ವರದಾ ದಂಡೆಯ ನಮ್ಮ ಸೋದರಮಾವನ ಊರಿನಲ್ಲಿ ಅಜ್ಜಿ ಹೇಳುತ್ತಿದ್ದಳು: ಆ ವರ್ಷಗಳಲ್ಲಿ ರಾತ್ರಿ ಊಟವಾದ ಮೇಲೆ ಬುಟ್ಟಿಯಲ್ಲಿ ಎರಡು ರೊಟ್ಟಿ ಉಳಿಸಿ ಇಡಬೇಕೆಂದು ಮನೆಯ ಹಿರಿಯರು ಹೇಳಿದ್ದರಂತೆ. ಯಾರಿಗೆಂದು ಮಕ್ಕಳು ಕೇಳಬಾರದು. ಬೆಳಿಗ್ಗೆ ಕೆಲವೊಮ್ಮೆ ರೊಟ್ಟಿ ಇರುತ್ತಿದ್ದವು, ಕೆಲವೊಮ್ಮೆ ಇರುತ್ತಿರಲಿಲ್ಲ. ತಿಂದುಹೋದವನು ಯಾರೆಂದು ಅಜ್ಜಿಗೆ ಕೊನೆಯವರೆಗೂ ತಿಳಿಯಲಿಲ್ಲ, ಆದರೆ ಪೊಲೀಸರು ಊರಿಗೆ ಬಂದಾಗ ಹೆದರಬೇಕಾದವರು ರೊಟ್ಟಿ ಬಡಿದವರೇ. ಗೆರಿಲ್ಲಾನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ, ಅವನು ಹೋದ ಮೇಲೆ ಆ ಊರಿನಲ್ಲಿಯೇ ಬದುಕಬೇಕಾದವರ ಹೆಸರು ಉಳಿಯುವುದಿಲ್ಲ. ಹೆಮಿಂಗ್ವೇ ಗುಹೆಯೊಳಗಿನ ಒಲೆ, ಪಾತ್ರೆ, ಹೊಗೆಗಳಿಗೆ ಇಷ್ಟು ಪುಟಗಳನ್ನು ಕೊಟ್ಟಿರುವುದು ಅವರನ್ನು ಕಂಡದ್ದರಿಂದ ಎಂದು ನಾನು ನಂಬಿದ್ದೇನೆ. ಪಾಬ್ಲೋನ ಪ್ರಶ್ನೆ ನನ್ನನ್ನು ಬಿಡದಿರುವುದಕ್ಕೂ ಅಜ್ಜಿಯ ಆ ಬುಟ್ಟಿಯೇ ಕಾರಣ.

ಕೊಲ್ಲುವುದು ಪಾಪವೆಂದು ನಂಬಿದ ಅನ್ಸೆಲ್ಮೋ ಯುದ್ಧದಲ್ಲಿ ಏಕೆ ಇದ್ದಾನೆ?

ಗೆಲ್ಲದೆ ಬಿಡುಗಡೆಯಿಲ್ಲ ಎಂಬುದೂ ಅವನ ನಂಬಿಕೆ. ಅವನು ಬೇಟೆಗಾರ, ಪ್ರಾಣಿಯನ್ನು ಕೊಂದದ್ದಕ್ಕೆ ಅವನಿಗೆ ಹೆಮ್ಮೆಯಿದೆ, ಮನುಷ್ಯನನ್ನು ಕೊಂದದ್ದಕ್ಕೆ ಇಲ್ಲ. ತಾನು ಕಂಡದ್ದನ್ನೆಲ್ಲ ದೇವರಿದ್ದರೆ ನಡೆಯಗೊಡುತ್ತಿರಲಿಲ್ಲ ಎಂದು ದೇವರನ್ನು ಬಿಟ್ಟಿದ್ದಾನೆ, ಆದರೆ ಕ್ಷಮೆ ಕೇಳಲು ಯಾರಾದರೂ ಇರಬೇಕಿತ್ತು ಎಂದು ಕೊರಗುತ್ತಾನೆ. ಯುದ್ಧ ಮುಗಿದ ಮೇಲೆ ಎಲ್ಲರೂ ಸೇರಿ ಮಾಡುವಂಥ ದೊಡ್ಡ ಪ್ರಾಯಶ್ಚಿತ್ತವೊಂದು ಬೇಕು ಎಂಬ ಅವನ ಯೋಚನೆ ಕಾದಂಬರಿಯಲ್ಲಿ ಈವರೆಗೆ ನಾನು ಕಂಡ ಅತ್ಯಂತ ಗಂಭೀರವಾದ ರಾಜಕೀಯ ಮಾತು. ಅದನ್ನು ಓದು ಬಾರದ ಮುದುಕನ ಬಾಯಲ್ಲಿ ಇಟ್ಟದ್ದು ಲೇಖಕನ ದೊಡ್ಡತನ.

ಸ್ಪೇನಿನವರು ಈ ಕಾದಂಬರಿಯನ್ನು ಒಪ್ಪಿಕೊಂಡರೇ?

ಎಲ್ಲರೂ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಮ್ಯಾಡ್ರಿಡ್‌ನಲ್ಲಿಯೇ ಕೆಲಸ ಮಾಡಿದ್ದ ಸ್ಪೇನಿನ ಲೇಖಕ ಆರ್ತುರೋ ಬಾರೆಯಾ 1941ರಲ್ಲಿ ಬರೆದ ಲೇಖನದಲ್ಲಿ, ಇದರಲ್ಲಿರುವುದು ಹೆಮಿಂಗ್ವೇಯೇ ಹೊರತು ಸ್ಪೇನ್ ಅಲ್ಲ ಎಂದು ಆಕ್ಷೇಪಿಸಿದ. ಅಮೆರಿಕದಲ್ಲಿ ಬೇರೆಯದೇ ಗದ್ದಲವಾಯಿತು: 1941ರ ಪುಲಿಟ್ಜರ್ ಪ್ರಶಸ್ತಿಗೆ ಇದನ್ನು ಆರಿಸಿದ್ದರೂ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೋಲಸ್ ಮರ್ರೆ ಬಟ್ಲರ್ ವಿರೋಧಿಸಿದ್ದರಿಂದ ಆ ವರ್ಷ ಕಾದಂಬರಿಗೆ ಪ್ರಶಸ್ತಿಯನ್ನೇ ಕೊಡಲಿಲ್ಲ. ಪ್ರಶಸ್ತಿಯ ಸಂಗತಿ ಈಗ ಮುಖ್ಯವೆನಿಸುವುದಿಲ್ಲ, ಬಾರೆಯಾನ ಮಾತು ಮುಖ್ಯ. ಹೊರಗಿನವನು ನಮ್ಮ ಹಳ್ಳಿಯ ಬಗ್ಗೆ ಬರೆದಾಗ ನಮಗೂ ಎಲ್ಲೋ ಒಂದು ಕಡೆ ಕಸಿವಿಸಿಯಾಗುತ್ತದೆ. ಪಿಲಾರಳನ್ನು ಓದುವಾಗ, ಇಷ್ಟೊಂದು ಚೆನ್ನಾಗಿ ಕಥೆ ಹೇಳುವ ಹೆಂಗಸು ನಿಜವಾಗಿಯೂ ಆ ಬೆಟ್ಟದವಳೇ ಅಥವಾ ಹೆಮಿಂಗ್ವೇಯ ಮಾತುಗಾರಿಕೆಯೇ ಎಂಬ ಅನುಮಾನ ನನಗೂ ಬಂತು. ಆ ಅನುಮಾನವನ್ನು ಇಟ್ಟುಕೊಂಡೇ ಮುಂದೆ ಓದುತ್ತಿದ್ದೇನೆ.

ಮುಂದ ಏನಾಗತದ ಅಂತ ನಿಮಗ ಅನಸ್ತದ?

ನನಗೆ ಹಿಮದ ಭಯ ಹತ್ತಿದೆ. ಸೇತುವೆಯ ಕೆಲಸ ಮುಗಿದ ಮೇಲೆ ಎಲ್ಲರೂ ಪಾರಾಗಲು ಇರುವ ಐದು ಕುದುರೆ ಸಾಲವು. ಪಕ್ಕದ ಬೆಟ್ಟದ ಗುಂಪಿನ ನಾಯಕ ಎಲ್ ಸೋರ್ದೋ ಇನ್ನಷ್ಟು ಕುದುರೆಗಳನ್ನು ಕದ್ದು ತರಲು ಒಪ್ಪಿದ್ದಾನೆ. ಮೇ ತಿಂಗಳ ಕೊನೆಯಲ್ಲಿ, ಯಾರೂ ಎಣಿಸದ ಹೊತ್ತಿನಲ್ಲಿ, ಹಿಮ ಬಿದ್ದಿದೆ. ಹಿಮ ಬೀಳುತ್ತಲೇ ಇದ್ದರೆ ಹೆಜ್ಜೆಗಳು ಮುಚ್ಚಿಹೋಗುತ್ತವೆ. ರಾತ್ರಿಯೇ ನಿಂತುಬಿಟ್ಟರೆ ಕುದುರೆಗಳ ಗೊರಸಿನ ಗುರುತು ಬೆಳಗಿನ ಬಿಸಿಲಿನಲ್ಲಿ ಬೆಟ್ಟದ ಬುಡದಿಂದ ಎಲ್ ಸೋರ್ದೋನ ಬಾಗಿಲಿನವರೆಗೆ ಕಾಣುತ್ತದೆ. ಇಪ್ಪತ್ತನೆಯ ಅಧ್ಯಾಯ ಮುಗಿದಾಗ ಇನ್ನೂ ರಾತ್ರಿಯಿದೆ. ಬರುವ ಭಾನುವಾರ ನಾವು ಇಪ್ಪತ್ತೊಂದನ್ನು ಓದುತ್ತೇವೆ.